ಮೊದಲ ಕ್ಯಾಮೆರಾ ಕೊಳ್ಳುವ ಮುನ್ನ ಬೆಳಕಿನ ಲೆಕ್ಕ

ಕ್ಯಾಮೆರಾ ಅಂಗಡಿಯ ಕೌಂಟರಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಹೊಸಬರು ಕೇಳುವ ಪ್ರಶ್ನೆಗಳು ಬಾಯಿಪಾಠವಾಗುತ್ತವೆ. "ಇದು ಎಷ್ಟು ಮೆಗಾಪಿಕ್ಸೆಲ್?" "ಎಷ್ಟು ದೂರ ಜೂಮ್ ಆಗುತ್ತೆ?" "ಕ್ಯಾನನ್ ಒಳ್ಳೇದಾ, ನಿಕಾನ್ ಒಳ್ಳೇದಾ, ಸೋನಿ ಒಳ್ಳೇದಾ?" ಮೂರಕ್ಕೂ ಅಂಗಡಿಯವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಎಷ್ಟೋ ಸಲ ಅವತ್ತು ಗೋದಾಮಿನಲ್ಲಿ ಯಾವುದು ಉಳಿದಿದೆ ಎನ್ನುವುದರ ಮೇಲೆ ನಿಂತಿರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಾನು ತೆಗೆಯಬೇಕೆಂದಿರುವ ಚಿತ್ರ ಸಿಗುವ ಜಾಗದಲ್ಲಿ ಬೆಳಕು ಎಷ್ಟಿರುತ್ತದೆ? ಅದರಲ್ಲಿ ಎಷ್ಟನ್ನು ಈ ಕ್ಯಾಮೆರಾ, ಈ ಲೆನ್ಸ್ ಒಳಗೆ ಬಿಟ್ಟುಕೊಳ್ಳುತ್ತವೆ? ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸೆನ್ಸರ್, ಅಪರ್ಚರ್, ಐಎಸ್‌ಒ, ಸ್ಟೆಬಿಲೈಸೇಶನ್ ಎಂಬ ಭಾರಿ ಪದಗಳೆಲ್ಲ ಕೊನೆಗೆ ಈ ಒಂದು ಲೆಕ್ಕದೊಳಗೇ ಬರುತ್ತವೆ.

ಮೆಗಾಪಿಕ್ಸೆಲ್ ವಿಷಯವನ್ನು ಬೇಗ ಮುಗಿಸಿಬಿಡೋಣ. ಮನೆಯ 4ಕೆ ಟಿವಿಯಲ್ಲಿರುವುದು 3840×2160 ಚುಕ್ಕಿ, ಅಂದರೆ 8 ಮೆಗಾಪಿಕ್ಸೆಲ್ ಚಿಲ್ಲರೆ. 4×6 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಧಾರಾಳ. ಮದುವೆ ಆಲ್ಬಮ್ಮಿನ 12×18 ಇಂಚಿನ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿಸಿದರೂ ಬೇಕಾಗುವುದು ಹತ್ತೊಂಬತ್ತು ಚಿಲ್ಲರೆ. ಇವತ್ತು ಆರಂಭದ ದರ್ಜೆಯ ಕ್ಯಾಮೆರಾಗಳಲ್ಲಿ ಬಹುಪಾಲು 20ರಿಂದ 26 ಮೆಗಾಪಿಕ್ಸೆಲ್ಲಿನವು. ಹಾಗಾಗಿ ಆಯ್ಕೆ ಮಾಡುವಾಗ ಈ ಅಂಕಿಯನ್ನು ಪಟ್ಟಿಯಿಂದ ಹೊಡೆದುಹಾಕಬಹುದು. 200 ಮೆಗಾಪಿಕ್ಸೆಲ್ ಎಂದು ಹೇಳಿಕೊಳ್ಳುವ ಫೋನುಗಳೂ ಮಾಮೂಲಿನಂತೆ ಅಕ್ಕಪಕ್ಕದ ಚುಕ್ಕಿಗಳನ್ನು ಸೇರಿಸಿ 12 ಅಥವಾ 50ಕ್ಕೆ ಇಳಿಸಿಯೇ ಚಿತ್ರ ಕೊಡುತ್ತವೆ.

ರಂಗಸ್ಥಳದ ಮುಂದೆ

ಕರಾವಳಿಯ ಕಡೆಯವರಿಗೆ ಯಕ್ಷಗಾನದ ಚಿತ್ರ ತೆಗೆಯುವ ಆಸೆ ಸಹಜ. ಬೆಳಕಿನ ಲೆಕ್ಕ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಉದಾಹರಣೆಯೂ ಇಲ್ಲ. ರಾತ್ರಿ ಹನ್ನೆರಡರ ಸಮಯ. ರಂಗಸ್ಥಳದ ಮೇಲೆ ದೀಪಗಳಿವೆ, ಸುತ್ತ ಕತ್ತಲೆ. ವೇಷಧಾರಿ ಧೀಂಗಿಣ ಹಾಕುತ್ತಿದ್ದಾರೆ. ಆ ತಿರುಗುವಿಕೆಯಲ್ಲಿ ಮುಖ ಮಸುಕಾಗದೆ ನಿಲ್ಲಬೇಕಾದರೆ ಶಟರ್ (ಬೆಳಕನ್ನು ಒಳಗೆ ಬಿಡುವ ಬಾಗಿಲು) ಒಂದು ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು, ಅಂದರೆ 1/250 ಸೆಕೆಂಡು ಮಾತ್ರ ತೆರೆದಿರಬೇಕು. 1/60 ಇಟ್ಟರೆ ಕಿರೀಟ ಒಂದು ಗೆರೆಯಾಗುತ್ತದೆ, ಕಣ್ಣು ಎಲ್ಲಿದೆಯೋ ತಿಳಿಯುವುದಿಲ್ಲ. ಶಟರ್ ಅಷ್ಟು ಬೇಗ ಮುಚ್ಚಿಕೊಂಡಾಗ ಒಳಗೆ ಬರುವ ಬೆಳಕು ಕಡಿಮೆ. ಆ ಕೊರತೆಯನ್ನು ತುಂಬಲು ಎರಡೇ ದಾರಿ: ಲೆನ್ಸಿನ ಬಾಯಿ ದೊಡ್ಡದಿರಬೇಕು, ಇಲ್ಲವೇ ಐಎಸ್‌ಒ ಏರಿಸಬೇಕು.

ಲೆನ್ಸಿನ ಬಾಯಿಯೇ ಅಪರ್ಚರ್. ಅದನ್ನು ಎಫ್ ಅಂಕಿಯಲ್ಲಿ ಬರೆಯುತ್ತಾರೆ: ಎಫ್ 1.4, 2, 2.8, 4, 5.6, 8. ಅಂಕಿ ಚಿಕ್ಕದಿದ್ದಷ್ಟೂ ಬಾಯಿ ದೊಡ್ಡದು. ಈ ಸಾಲಿನಲ್ಲಿ ಒಂದೊಂದು ಹೆಜ್ಜೆ ಮುಂದೆ ಹೋದಂತೆ ಬೆಳಕು ಅರ್ಧಕ್ಕಿಳಿಯುತ್ತದೆ. ಐಎಸ್‌ಒ ಎಂದರೆ ಸಿಕ್ಕಿದ ಬೆಳಕನ್ನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕು ಎಂಬ ಅಂಕಿ. ಹಿಗ್ಗಿಸಿದಾಗ ಬೆಳಕಿನ ಜೊತೆಗೆ ಅದರ ಕೊರತೆಯೂ ಎದ್ದು ಕಾಣುತ್ತದೆ. ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಣುವ ಕಾಳುಕಾಳು ಅದೇ.

ಈಗ ಲೆಕ್ಕಕ್ಕೆ ಬನ್ನಿ. ಆ ರಂಗಸ್ಥಳದಲ್ಲಿ 1/250 ಸೆಕೆಂಡಿಗೆ, ಎಫ್ 5.6ಕ್ಕೆ ಐಎಸ್‌ಒ 6400 ಬೇಕಾಯಿತು ಎಂದುಕೊಳ್ಳಿ. ಎಫ್ 5.6 ಎಂಬ ಅಂಕಿಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಜೊತೆ ಪೆಟ್ಟಿಗೆಯಲ್ಲಿ ಬರುವ 18-55 ಎಂಎಂ ಕಿಟ್ ಲೆನ್ಸನ್ನು (ಈ ಎಂಎಂ ಲೆನ್ಸಿನ ಫೋಕಲ್ ಲೆಂಗ್ತ್; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) 55ರ ತನಕ ಜೂಮ್ ಮಾಡಿದಾಗ ಅದರ ಬಾಯಿ ತೆರೆಯುವುದೇ ಅಷ್ಟು. ಅದೇ ಕ್ಯಾಮೆರಾದ ಬಾಡಿಗೆ, ಅಂದರೆ ಲೆನ್ಸ್ ಕಳಚಿದ ಮೈಗೆ, 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹಾಕಿ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು ಹತ್ತು. ಅಂದರೆ ಹತ್ತು ಪಟ್ಟು ಬೆಳಕು. ಐಎಸ್‌ಒ 6400 ಇದ್ದದ್ದು 640ಕ್ಕೆ ಇಳಿಯುತ್ತದೆ. ಅದೇ ಕ್ಯಾಮೆರಾ, ಅದೇ ಜಾಗ, ಅದೇ ಕ್ಷಣ. ಮೊದಲನೆಯದರಲ್ಲಿ ಮುಖದ ಬಣ್ಣಗಾರಿಕೆ ಕಾಳುಕಾಳಾಗಿರುತ್ತದೆ, ಎರಡನೆಯದರಲ್ಲಿ ಹಣೆಯ ನಾಮದ ಅಂಚು ಎಣಿಸುವಷ್ಟು ಸ್ಪಷ್ಟ. ಇಂಥ 50 ಎಂಎಂ ಲೆನ್ಸು ಆಯಾ ಕಂಪನಿಯ ಬೆಲೆಪಟ್ಟಿಯಲ್ಲಿ ಅತಿ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ. ಜೂಮ್ ಆಗುವುದಿಲ್ಲ ಎಂಬುದೊಂದೇ ತೊಂದರೆ, ಅದಕ್ಕೆ ನಾವೇ ನಾಲ್ಕು ಹೆಜ್ಜೆ ನಡೆಯಬೇಕು.

ಮೊದಲ ಕ್ಯಾಮೆರಾ ವಿಷಯದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ಹಣವನ್ನು ಬಾಡಿಯ ಮೇಲೆ ಸುರಿದು ಲೆನ್ಸಿನಲ್ಲಿ ಜಿಪುಣತನ ಮಾಡುವುದು ತಲೆಕೆಳಗಿನ ಲೆಕ್ಕ. ಒಂದು ಮಾದರಿ ಕೆಳಗಿನ ಬಾಡಿ ಕೊಂಡು, ಉಳಿದ ದುಡ್ಡಿನಲ್ಲಿ ಬಾಯಿ ದೊಡ್ಡದಿರುವ ಒಂದು ಲೆನ್ಸ್ ತೆಗೆದುಕೊಂಡವರೇ ಜಾಣರು.

ಸೆನ್ಸರ್ ಎಂಬ ಜಮೀನು

ಲೆನ್ಸಿನ ಮೂಲಕ ಬಂದ ಬೆಳಕು ಬೀಳುವ ಜಾಗ ಸೆನ್ಸರ್. ಅದರ ವಿಸ್ತೀರ್ಣ ಹೆಚ್ಚಿದ್ದರೆ ಒಟ್ಟು ಬೆಳಕೂ ಹೆಚ್ಚು. ಫುಲ್ ಫ್ರೇಮ್ ಎಂಬುದು 36×24 ಮಿಮೀ, ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು; ವಿಸ್ತೀರ್ಣ 864 ಚದರ ಮಿಮೀ. ಆರಂಭದವರ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು ಎಪಿಎಸ್-ಸಿ: ನಿಕಾನ್, ಸೋನಿ, ಫ್ಯೂಜಿಯಲ್ಲಿ ಸುಮಾರು 23.5×15.6 ಮಿಮೀ, ಕ್ಯಾನನ್‌ನಲ್ಲಿ ಕೂದಲೆಳೆಯಷ್ಟು ಚಿಕ್ಕದು. ವಿಸ್ತೀರ್ಣ 366ರ ಸುತ್ತಮುತ್ತ. ಅದಕ್ಕಿಂತ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಎಂಬ ಸೆನ್ಸರಿನದು ಸುಮಾರು 225. ಜೇಬಿನಲ್ಲಿಡುವ ಒಳ್ಳೆಯ ಕಾಂಪ್ಯಾಕ್ಟುಗಳ ಒಂದು ಇಂಚಿನ ಸೆನ್ಸರ್, ಹೆಸರು ಏನೇ ಇದ್ದರೂ, ಅಳತೆಯಲ್ಲಿ 13.2×8.8 ಮಿಮೀ ಮಾತ್ರ. ಲೆನ್ಸ್ ಕಳಚಲಾಗದ, ಉದ್ದ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳದ್ದು ಬರೀ 28 ಚದರ ಮಿಮೀ.

ಇದನ್ನು ಓದಿದವರಿಗೆ "ಹಾಗಾದರೆ ಫುಲ್ ಫ್ರೇಮೇ ತಗೊಳ್ಳೋಣ, ಒಂದೇ ಸಲ ಖರ್ಚು" ಅನ್ನಿಸುವುದು ಸಹಜ. ಯೂಟ್ಯೂಬಿನಲ್ಲಿ ಹಾಗೆ ಹೇಳುವವರೂ ಬಹಳ. ಆದರೆ ಬೆಳಕಿನ ಲೆಕ್ಕದಲ್ಲಿ ಫುಲ್ ಫ್ರೇಮ್‌ಗೂ ಎಪಿಎಸ್-ಸಿಗೂ ಇರುವ ವ್ಯತ್ಯಾಸ ಎರಡೂಕಾಲು ಪಟ್ಟು ಚಿಲ್ಲರೆ, ಅಂದರೆ ಎಫ್ ಅಂಕಿಯ ಒಂದು ಹೆಜ್ಜೆಗಿಂತ ತುಸು ಹೆಚ್ಚು. ಫುಲ್ ಫ್ರೇಮ್ ಬಾಡಿಗೆ ಎಫ್ 4ರ ಜೂಮ್ ಲೆನ್ಸ್ ಹಾಕಿಕೊಂಡವರಿಗಿಂತ, ಎಪಿಎಸ್-ಸಿ ಬಾಡಿಗೆ ಎಫ್ 1.8ರ ಅಗ್ಗದ ಲೆನ್ಸ್ ಹಾಕಿಕೊಂಡವರು ಎರಡು ಪಟ್ಟು ಬೆಳಕು ಹಿಡಿಯುತ್ತಾರೆ. ಕಾಗದದ ಮೇಲೆ ಭಾಗಾಕಾರ ಮಾಡಿ ನೋಡಿ: 864ನ್ನು 4ರ ವರ್ಗದಿಂದ ಭಾಗಿಸಿದರೆ 54, 366ನ್ನು 1.8ರ ವರ್ಗದಿಂದ ಭಾಗಿಸಿದರೆ 113. ಫುಲ್ ಫ್ರೇಮ್ ಕೊಂಡವರಿಗೆ ಅದಕ್ಕೊಪ್ಪುವ ಲೆನ್ಸುಗಳೂ ದಪ್ಪ, ಭಾರ, ದುಬಾರಿ. ಭಾರವಾದ ಕ್ಯಾಮೆರಾ ಬೀರುವಿನಲ್ಲೇ ಉಳಿಯುವುದು ಜಾಸ್ತಿ. ಹೊಸಬರಿಗೆ ಎಪಿಎಸ್-ಸಿ ಸಾಕು ಎಂದು ನಾನು ಕಣ್ಣುಮುಚ್ಚಿ ಹೇಳುತ್ತೇನೆ.

ಐಎಸ್‌ಒ ಬಗ್ಗೆ ವಿಪರೀತ ಭಯಪಡುವ ಅಗತ್ಯವೂ ಇಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಕಾಡಿನಲ್ಲಿ ಹೆಸರು ಮಾಡಿದ್ದು ಫಿಲ್ಮ್ ಕಾಲದಲ್ಲಿ. ಸಾಮಾನ್ಯ ಬಳಕೆಯ ಫಿಲ್ಮುಗಳು ಐಎಸ್‌ಒ 100, 400ರ ಆಸುಪಾಸಿನವು. ಮಧ್ಯದಲ್ಲಿ ಬದಲಾಯಿಸಬೇಕೆಂದರೆ ರೀಲನ್ನೇ ಬದಲಾಯಿಸಬೇಕಿತ್ತು. ಇವತ್ತಿನ ಕಡಿಮೆ ಬೆಲೆಯ ಎಪಿಎಸ್-ಸಿ ಬಾಡಿಯಲ್ಲೂ 3200ರ ಚಿತ್ರ ಆರಾಮಾಗಿ ಪ್ರಿಂಟಿಗೆ ಹೋಗುತ್ತದೆ.

ಹಾಗಾದರೆ ಫೋನು? ಫೋನಿನ ಸೆನ್ಸರ್ ಚಿಕ್ಕದು, ಆದರೆ ಅದರೊಳಗಿನ ಗಣಿತ ಜೋರು. ಗುಂಡಿ ಒತ್ತಿದಾಗ ಹಲವು ಚಿತ್ರಗಳನ್ನು ಸರಸರನೆ ತೆಗೆದು, ಒಂದರ ಮೇಲೊಂದು ಹೊಂದಿಸಿ, ಕಾಳುಗಳನ್ನು ತಿಕ್ಕಿ ತೆಗೆದು ಒಂದೇ ಚಿತ್ರ ಮಾಡುತ್ತದೆ. ಚೌಕಿಯಲ್ಲಿ ಕೂತು ಬಣ್ಣ ಹಾಕಿಕೊಳ್ಳುತ್ತಿರುವ ಕಲಾವಿದರ ಚಿತ್ರವನ್ನು ಒಳ್ಳೆಯ ಫೋನು ಚೆನ್ನಾಗಿಯೇ ಕೊಡುತ್ತದೆ, ಏಕೆಂದರೆ ಅವರು ಹೆಚ್ಚು ಅಲುಗಾಡುವುದಿಲ್ಲ. ಅದೇ ಕಲಾವಿದರು ರಂಗಸ್ಥಳಕ್ಕೆ ಬಂದು ಕುಣಿಯತೊಡಗಿದರೆ ಹೊಂದಿಸಬೇಕಾದ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಫೋನು ತಡವರಿಸುವುದು ಅಲ್ಲಿ. ನಿಂತ ವಸ್ತು, ಹತ್ತಿರದ ದೂರ, ಹಗಲ ಬೆಳಕು, ಈ ಮೂರರಲ್ಲೇ ನಿಮ್ಮ ಆಸಕ್ತಿ ಇದ್ದರೆ ಕ್ಯಾಮೆರಾ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಬಾದಾಮಿಗೂ ಹಂಪಿಗೂ ಹೋಗಿಬನ್ನಿ. ಇನ್ನೂ ಒಳ್ಳೆಯ ಚಿತ್ರ ಸಿಗುತ್ತವೆ.

ಕೈ ನಡುಗದಿದ್ದರೂ ಕುಣಿಯುವವರು ನಿಲ್ಲುವುದಿಲ್ಲ

ಸ್ಟೆಬಿಲೈಸೇಶನ್ ಎಂಬ ಸೌಲಭ್ಯಕ್ಕೆ ಅಂಗಡಿಗಳಲ್ಲಿ ಬಹಳ ಪ್ರಚಾರ. ಅದು ಮಾಡುವುದು ಏನು? ನಮ್ಮ ಕೈಯ ಸಣ್ಣ ನಡುಕವನ್ನು ಲೆನ್ಸಿನೊಳಗಿನ ಗಾಜನ್ನೋ ಸೆನ್ಸರನ್ನೋ ಎದುರು ದಿಕ್ಕಿಗೆ ಸರಿಸಿ ಸರಿದೂಗಿಸುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತರೆ ಇದರ ಬೆಲೆ ಗೊತ್ತಾಗುತ್ತದೆ. ಜಾಲಂಧ್ರಗಳಿಂದ ಬರುವ ಬೆಳಕು ಸ್ವಲ್ಪವೇ. ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವಂತಿಲ್ಲ. 55 ಎಂಎಂನಲ್ಲಿ ಬರಿಗೈಯಲ್ಲಿ ಹಿಡಿದರೆ 1/80 ಸೆಕೆಂಡಿಗಿಂತ ನಿಧಾನಕ್ಕೆ ಹೋದಾಗ ಸಾಮಾನ್ಯರ ಕೈ ನಡುಕ ಚಿತ್ರದಲ್ಲಿ ಕಾಣತೊಡಗುತ್ತದೆ. ನಾಲ್ಕು ಹೆಜ್ಜೆಯ ಸ್ಟೆಬಿಲೈಸೇಶನ್ ಇದ್ದರೆ 1/5 ಸೆಕೆಂಡಿನ ತನಕ ಇಳಿಯಬಹುದು, ಹದಿನಾರು ಪಟ್ಟು ಹೆಚ್ಚು ಬೆಳಕು. ಮದನಿಕೆ ಮಿಸುಕುವುದಿಲ್ಲವಾದ್ದರಿಂದ ಚಿತ್ರ ಕಡೆದಿಟ್ಟಂತೆ ಬರುತ್ತದೆ.

ಆದರೆ ಅದೇ 1/5 ಸೆಕೆಂಡನ್ನು ಮನೆಯೊಳಗೆ ಓಡಾಡುವ ಮಗುವಿನ ಮೇಲೆ ಪ್ರಯೋಗಿಸಿದರೆ ಗೋಡೆ, ಸೋಫಾ, ಕ್ಯಾಲೆಂಡರ್ ಎಲ್ಲ ಸ್ಪಷ್ಟ. ಮಗು ಮಾತ್ರ ಹೊಗೆ. ಸ್ಟೆಬಿಲೈಸೇಶನ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಎದುರಿಗಿರುವವರನ್ನಲ್ಲ. ಗುಡಿ, ವಾಸ್ತು, ಸಂಜೆಯ ಬೀದಿ ನಿಮ್ಮ ಆಸಕ್ತಿಯಾದರೆ ಸ್ಟೆಬಿಲೈಸೇಶನ್ ಇರುವ ಕಿಟ್ ಲೆನ್ಸೇ ಸಾಕು, ಬೇರೆ ಲೆನ್ಸ್ ಸದ್ಯಕ್ಕೆ ಬೇಡ. ಮಕ್ಕಳು, ನೃತ್ಯ, ನಾಟಕ, ಕಬಡ್ಡಿ ನಿಮ್ಮ ಆಸಕ್ತಿಯಾದರೆ ದೊಡ್ಡ ಬಾಯಿಯ ಲೆನ್ಸ್ ಬೇಕು. ಒಬ್ಬರಿಗೆ ಹೊಂದಿದ ಸಲಹೆ ಇನ್ನೊಬ್ಬರಿಗೆ ಹೊಂದದಿರುವುದಕ್ಕೆ ಕಾರಣವೂ ಇದೇ.

ಮಿಂಚುಳ್ಳಿಯ ಒಂದು ಮಿಲಿಮೀಟರ್

ಹಕ್ಕಿಗಳ ಹುಚ್ಚಿನಿಂದ ಕ್ಯಾಮೆರಾ ಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಅವರ ಕಷ್ಟ ದೂರದ್ದು. ರಸ್ತೆ ಬದಿಯ ತಂತಿಯ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿಯನ್ನೇ ತೆಗೆದುಕೊಳ್ಳಿ. ಕೊಕ್ಕಿನಿಂದ ಬಾಲದ ತನಕ ಸುಮಾರು 28 ಸೆಂಟಿಮೀಟರ್. 15 ಮೀಟರ್ ದೂರದಲ್ಲಿ ಕೂತಿದೆ. ಅದಕ್ಕಿಂತ ಹತ್ತಿರ ಹೋದರೆ ಹಾರಿಹೋಗುತ್ತದೆ. ಕಿಟ್ ಲೆನ್ಸಿನ 55 ಎಂಎಂನಲ್ಲಿ ಆ ಹಕ್ಕಿಯ ಬಿಂಬ ಸೆನ್ಸರಿನ ಮೇಲೆ ಎಷ್ಟು ಉದ್ದ ಬೀಳುತ್ತದೆ ಗೊತ್ತೇ? 280 ಮಿಮೀಯನ್ನು 55ರಿಂದ ಗುಣಿಸಿ 15,000ದಿಂದ ಭಾಗಿಸಿ: ಒಂದು ಮಿಲಿಮೀಟರ್. ಸೆನ್ಸರಿನ ಅಗಲ 23.5 ಮಿಲಿಮೀಟರ್. 6000 ಚುಕ್ಕಿ ಅಗಲದ ಚಿತ್ರದಲ್ಲಿ ಮಿಂಚುಳ್ಳಿಗೆ ದಕ್ಕಿದ್ದು 260 ಚುಕ್ಕಿ. ಕತ್ತರಿಸಿ ದೊಡ್ಡದು ಮಾಡಿದರೆ ನೀಲಿ ಬಣ್ಣದ ಒಂದು ಮುದ್ದೆ ಕಾಣುತ್ತದೆ.

ಜೋಡಿ ಲೆನ್ಸಿನ ಕಿಟ್‌ನಲ್ಲಿ ಬರುವ 250 ಎಂಎಂ ಹಾಕಿದರೆ ಬಿಂಬ ನಾಲ್ಕೂವರೆ ಮಿಲಿಮೀಟರ್ ದಾಟುತ್ತದೆ, ಸುಮಾರು 1200 ಚುಕ್ಕಿ. ಗರಿಗಳು ಕಾಣತೊಡಗುತ್ತವೆ. 400 ಎಂಎಂ ಆದರೆ 1900. ಹಕ್ಕಿಯವರು ಲೆನ್ಸಿನ ಮಿಲಿಮೀಟರಿಗಾಗಿ ಯಾಕೆ ಅಷ್ಟು ಹಪಹಪಿಸುತ್ತಾರೆ ಎಂಬುದಕ್ಕೆ ಇದೇ ಉತ್ತರ. ರಂಗನತಿಟ್ಟಿನಲ್ಲಿ ಮಾತ್ರ ಸ್ವಲ್ಪ ರಿಯಾಯಿತಿ ಇದೆ. ದೋಣಿಯವರು ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳ ಹತ್ತಿರಕ್ಕೇ ಕರೆದೊಯ್ಯುತ್ತಾರೆ, ಹಕ್ಕಿಗಳೂ ದೊಡ್ಡವು, 250-300 ಎಂಎಂನಲ್ಲೇ ಮನಸ್ಸು ತುಂಬ ಚಿತ್ರ ಸಿಗುತ್ತವೆ. ಬಂಡೀಪುರ, ಕಬಿನಿಯ ಬೆಳಗಿನ ಸಫಾರಿಯಲ್ಲಿ ದೂರವೂ ಇದೆ, ಬೆಳಕಿನ ಬರವೂ ಇದೆ. ಅಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಲೆನ್ಸುಗಳು ಲಕ್ಷದ ಲೆಕ್ಕದಲ್ಲಿ ಶುರುವಾಗುತ್ತವೆ. ಮೊದಲ ಕ್ಯಾಮೆರಾದಲ್ಲೇ ಹುಲಿ ಹಿಡಿಯಬೇಕೆಂಬ ಹಟ ಬೇಡ.

ಇಲ್ಲಿ ಬ್ರಿಡ್ಜ್ ಕ್ಯಾಮೆರಾದ ಆಸೆ ಹುಟ್ಟುತ್ತದೆ. 2018ರಲ್ಲಿ ಬಂದ ನಿಕಾನ್ ಪಿ1000ದ ಮೇಲೆ 125 ಪಟ್ಟು ಜೂಮ್, 3000 ಎಂಎಂ ಎಂದು ಬರೆದಿದೆ. ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 539 ಎಂಎಂ; ಸೆನ್ಸರ್ ಬಹಳ ಚಿಕ್ಕದಾದ್ದರಿಂದ ಅದು ಕಾಣುವ ನೋಟ ಫುಲ್ ಫ್ರೇಮಿನ 3000 ಎಂಎಂನಷ್ಟು ಕಿರಿದು. ಪೂರ್ತಿ ಜೂಮಿನಲ್ಲಿ ಅಪರ್ಚರ್ ಎಫ್ 8. ಬೆಳಗ್ಗೆ ಒಂಬತ್ತರ ಬಿಸಿಲಲ್ಲಿ ಕೊಂಬೆಯ ಮೇಲೆ ನೆಮ್ಮದಿಯಾಗಿ ಕೂತ ಹಕ್ಕಿ, ಹುಣ್ಣಿಮೆ ಚಂದ್ರ, ಇವಕ್ಕೆ ಇದು ಸೊಗಸಾದ ಯಂತ್ರ, ಹಕ್ಕಿ ಗುರುತಿಸುವ ಹವ್ಯಾಸಿಗಳಿಗೆ ನಾನೇ ಶಿಫಾರಸು ಮಾಡುತ್ತೇನೆ. ಹಾರುವ ಹಕ್ಕಿಗೆ ಫೋಕಸ್ ಸಿಗುವುದು ಕಷ್ಟ, ಮೋಡ ಕವಿದರೆ ಚಿತ್ರ ಕಾಳುಕಾಳು, ಮಧ್ಯಾಹ್ನ ದೂರದ ಹಕ್ಕಿಗೆ ನೆಲದ ಕಾವಿನ ಅಲೆಯೇ ಅಡ್ಡ ಬರುತ್ತದೆ. ಲೆನ್ಸ್ ಬದಲಾಯಿಸುವಂತಿಲ್ಲ ಎಂಬುದೂ ನೆನಪಿರಲಿ.

ಕನ್ನಡಿ ಇದ್ದದ್ದು, ಇಲ್ಲದ್ದು

ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕು ಸೆನ್ಸರಿಗೆ ಹೋಗುತ್ತದೆ. 'ಕ್ಲಿಕ್' ಸದ್ದಿನಲ್ಲಿ ದೊಡ್ಡ ಪಾಲು ಆ ಕನ್ನಡಿಯದು. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ, ಸೆನ್ಸರ್ ಸದಾ ನೋಡುತ್ತಲೇ ಇರುತ್ತದೆ, ಅದು ಕಂಡದ್ದನ್ನು ಪುಟ್ಟ ಪರದೆಯಲ್ಲಿ ನಾವು ನೋಡುತ್ತೇವೆ.

ಕಲಿಯುವವರಿಗೆ ಇದರಿಂದ ದೊಡ್ಡ ಲಾಭವಿದೆ. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಚಿತ್ರ ತೆಗೆಯುವ ಮೊದಲೇ ಕಾಣುತ್ತದೆ. ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಸೌಲಭ್ಯ ಈಗ ಆರಂಭದ ಮಾದರಿಗಳಲ್ಲೂ ಇದೆ. ನಷ್ಟ ಬ್ಯಾಟರಿಯದು. ನಿಕಾನ್ ಡಿ3500 ಎಂಬ ಡಿಎಸ್‌ಎಲ್‌ಆರ್‌ಗೆ ಒಂದು ಚಾರ್ಜಿನಲ್ಲಿ 1550 ಚಿತ್ರ ಎಂದು ಕಂಪನಿ ಹೇಳಿತ್ತು; ಇದೇ ದರ್ಜೆಯ ಮಿರರ್‌ಲೆಸ್‌ಗಳು 300-400ರ ಆಸುಪಾಸಿನಲ್ಲೇ ಸುಸ್ತಾಗುತ್ತವೆ. ಎರಡನೇ ಬ್ಯಾಟರಿಯ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೊಸದು ಕೊಳ್ಳುವುದಾದರೆ ಮಿರರ್‌ಲೆಸ್ ಎನ್ನಲು ಇನ್ನೊಂದು ಕಾರಣ: ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಹಳೆಯ ಮಾದರಿಗಳು ಅಂಗಡಿಯಲ್ಲಿ ಇನ್ನೂ ಕಾಣಬಹುದು, ಆದರೆ ಆ ದಾರಿ ಮುಂದಕ್ಕೆ ಹೋಗುವುದಿಲ್ಲ.

ದಾರಿ ಎಂದೆ, ಅದನ್ನು ತೀರ್ಮಾನಿಸುವುದು ಮೌಂಟ್, ಬಾಡಿಯಲ್ಲಿ ಲೆನ್ಸ್ ಕೂರುವ ಉಂಗುರ. ಹೆಣ್ಣು ಕೊಡುವವರು ಹುಡುಗನ ಜೊತೆಗೆ ಮನೆತನವನ್ನೂ ವಿಚಾರಿಸುವಂತೆ, ಕ್ಯಾಮೆರಾ ಕೊಳ್ಳುವವರು ಮೌಂಟ್ ವಿಚಾರಿಸಬೇಕು. ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಇಪ್ಪತ್ತು ವರ್ಷ ಬಾಳುತ್ತದೆ, ಮುಂದಿನ ಬಾಡಿಗೂ ಅದೇ ಹೊಂದಬೇಕು. ನಿಕಾನಿನ ಎಫ್ ಮೌಂಟ್ 1959ರದ್ದು, ಕ್ಯಾನನ್ ಇಎಫ್ 1987ರದ್ದು. ಎರಡೂ ಫಿಲ್ಮ್ ಕಾಲದಲ್ಲಿ ಹುಟ್ಟಿ ಡಿಎಸ್‌ಎಲ್‌ಆರ್ ತನಕ ಬಂದವು. ಮಿರರ್‌ಲೆಸ್‌ಗೆಂದು 2018ರಲ್ಲಿ ನಿಕಾನ್ ಝಡ್ ಮೌಂಟನ್ನೂ ಕ್ಯಾನನ್ ಆರ್‌ಎಫ್ ಮೌಂಟನ್ನೂ ತಂದವು. ಸೋನಿಯ ಇ ಮೌಂಟ್ 2010ರಿಂದಲೇ ಇದೆ. ಹಾಗಾಗಿ ಅದಕ್ಕೆ ಸಿಗ್ಮಾ, ಟ್ಯಾಮ್ರಾನ್‌ನಂಥ ಹೊರಗಿನ ಕಂಪನಿಗಳ ಲೆನ್ಸುಗಳೂ ಸೆಕೆಂಡ್ ಹ್ಯಾಂಡ್ ಸರಕೂ ಹೇರಳ. ಕ್ಯಾನನ್ ಆರ್‌ಎಫ್‌ಗೆ ಹೊರಗಿನವರ ಆಟೋಫೋಕಸ್ ಲೆನ್ಸುಗಳಿಗೆ ಬಹಳ ಕಾಲ ಬಾಗಿಲು ಮುಚ್ಚಿತ್ತು. ಎಪಿಎಸ್-ಸಿ ಬಾಡಿಗಳಿಗೆ ಅದು ತೆರೆದದ್ದು 2024ರಲ್ಲಿ. ಮನೆಯಲ್ಲಿ ಅಣ್ಣನದೋ ಚಿಕ್ಕಪ್ಪನದೋ ಹಳೆಯ ಲೆನ್ಸುಗಳಿದ್ದರೆ ಅದೇ ಕಂಪನಿಯ ಬಾಡಿ ಮತ್ತು ಅಡಾಪ್ಟರ್ (ಹಳೆಯ ಲೆನ್ಸನ್ನು ಹೊಸ ಮೌಂಟಿಗೆ ಕೂರಿಸುವ ಉಂಗುರ) ತೆಗೆದುಕೊಳ್ಳುವುದು ಲಾಭದ ಮಾತು. ಯಾರ ಲೆನ್ಸೂ ಇಲ್ಲದಿದ್ದರೆ, ಹತ್ತಿರದ ಗೆಳೆಯರು ಯಾವ ಮೌಂಟ್ ಬಳಸುತ್ತಾರೋ ಅದನ್ನೇ ಕೊಳ್ಳಿ. ಲೆನ್ಸ್ ಎರವಲು ಸಿಗುವುದಕ್ಕಿಂತ ದೊಡ್ಡ ಸೌಲಭ್ಯ ಯಾವ ಕಂಪನಿಯೂ ಕೊಡುವುದಿಲ್ಲ.

ಒಂದೊಂದು ಮಾದರಿಯಲ್ಲಿ ಒಂದೊಂದು ಕೊರತೆ ಇದೆ. ಪೆಟ್ಟಿಗೆಯ ಮೇಲೆ ಅದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಎರಡರಲ್ಲೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ವಿಡಿಯೊ ಮಾಡುವವರಿಗೆ ಸರಿ, ಹಂಪಿಯ ಬಂಡೆಯ ಮೇಲೆ ಮಟಮಟ ಮಧ್ಯಾಹ್ನ ನಿಂತು ಹಿಂದಿನ ಪರದೆ ನೋಡಿದರೆ ಕಾಣುವುದು ನಮ್ಮದೇ ಮುಖ. ಕ್ಯಾನನ್ ಆರ್100ರ ಪರದೆ ಮುಟ್ಟಿದರೆ ಕೆಲಸ ಮಾಡುವುದಿಲ್ಲ, ತಿರುಗುವುದೂ ಇಲ್ಲ. ಆರ್50ರಲ್ಲಿ ಎರಡೂ ಇವೆ, ವ್ಯೂಫೈಂಡರೂ ಇದೆ. ನಿಕಾನ್ ಝಡ್50, ಕ್ಯಾನನ್ ಆರ್50, ಸೋನಿ ಎ6400 ಇವುಗಳಲ್ಲಿ ಯಾವುದರ ಬಾಡಿಯಲ್ಲೂ ಸ್ಟೆಬಿಲೈಸೇಶನ್ ಇಲ್ಲ. ಲೆನ್ಸಿನಲ್ಲಿ ಇದ್ದರೆ ಉಂಟು. ಸ್ಥಿರಚಿತ್ರವೇ ಮುಖ್ಯ ಎನ್ನುವ ಹೊಸಬರಿಗೆ ಈ ಮೂರರಲ್ಲಿ ಯಾವುದನ್ನು ಕೊಂಡರೂ ಪಶ್ಚಾತ್ತಾಪವಿಲ್ಲ. ಮೂರನ್ನೂ ಕೈಯಲ್ಲಿ ಹಿಡಿದು, ಬೆರಳು ಗುಂಡಿಗಳಿಗೆ ಸಲೀಸಾಗಿ ಹೋಗುವುದನ್ನು ಆರಿಸಿ. ಪೆಟ್ಟಿಗೆಯ ಜೊತೆ "ಫ್ರೀ" ಎಂದು ಕೊಡುವ ಬ್ಯಾಗು, ತೆಳ್ಳನೆಯ ಟ್ರೈಪಾಡ್, ಲೆನ್ಸಿನ ಮುಂದೆ ಹಾಕುವ ಅಗ್ಗದ ಯುವಿ ಫಿಲ್ಟರ್ ಗಾಜಿಗೆ ಮನಸೋಲಬೇಡಿ. ಆ ಫಿಲ್ಟರ್ ಹಾಕಿ ರಾತ್ರಿ ದೀಪಗಳ ಚಿತ್ರ ತೆಗೆದರೆ ಪ್ರತಿ ದೀಪಕ್ಕೂ ಒಂದು ಭೂತದ ದೀಪ ಜೊತೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಪೇಟೆ

ವಿದ್ಯಾರ್ಥಿಗಳಿಗೆ, ಕೈಯಲ್ಲಿ ದುಡ್ಡು ಬಿಗಿಯಾಗಿರುವವರಿಗೆ ಹಳೆಯ ಡಿಎಸ್‌ಎಲ್‌ಆರ್ ಈಗ ಸುಗ್ಗಿ. ಎಲ್ಲರೂ ಮಿರರ್‌ಲೆಸ್ ಕಡೆ ಹೊರಳಿದ್ದರಿಂದ ಒಳ್ಳೆಯ ಬಾಡಿಗಳು ಅಗ್ಗವಾಗಿವೆ. ಕ್ಯಾನನ್ 200ಡಿ, ನಿಕಾನ್ ಡಿ5600ರಂಥವು ಇವತ್ತಿಗೂ ಒಳ್ಳೆಯ ಚಿತ್ರವನ್ನೇ ಕೊಡುತ್ತವೆ. ಮುಂದಕ್ಕೆ ಹೋಗದ ದಾರಿ ಎಂದು ಮೇಲೆ ಹೇಳಿದ್ದು ಹೊಸ ಬೆಲೆ ಕೊಡುವವರಿಗೆ. ಮೂರರಲ್ಲೊಂದು ಬೆಲೆಗೆ ಕಲಿಯಲು ಸಿಕ್ಕರೆ ಬೇರೆ ಮಾತು.

ಒಂದು ಬಲೆ ಮಾತ್ರ ಗೊತ್ತಿರಲಿ. ನಿಕಾನಿನ ಡಿ3000, ಡಿ5000 ಸರಣಿಯ (ಮೇಲಿನ ಡಿ3500, ಡಿ5600 ಇವೇ) ಬಾಡಿಗಳಲ್ಲಿ ಫೋಕಸ್ ತಿರುಗಿಸುವ ಮೋಟಾರ್ ಇಲ್ಲ. ಹಳೆಯ 50 ಎಂಎಂ ಎಫ್ 1.8ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದರೆ ಆಟೋಫೋಕಸ್ ಆಗುವುದೇ ಇಲ್ಲ. ಹೆಸರಿನ ಕೊನೆಯಲ್ಲಿ 'ಜಿ' ಇರುವ ಎಎಫ್-ಎಸ್ ಲೆನ್ಸ್ ಬೇಕು. ಮಾರುವವರು ಇದನ್ನು ಹೇಳುವ ಗೋಜಿಗೆ ಹೋಗುವುದು ಕಡಿಮೆ.

ನೋಡಲು ಹೋದಾಗ ಟಾರ್ಚ್ ಜೊತೆಗಿರಲಿ. ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ ತೆರೆದಿಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತೆ, ಬೇರಿನಂತೆ ಹರಡಿದ ಎಳೆಗಳು ಕಂಡರೆ ಅದು ಫಂಗಸ್, ಬೂಷ್ಟು. ಎಷ್ಟೇ ಕಡಿಮೆ ಹೇಳಿದರೂ ಬೇಡ. ನಂತರ ಕ್ಯಾಮೆರಾಕ್ಕೆ ಲೆನ್ಸ್ ಹಾಕಿ, ಎಫ್ 16ಕ್ಕೆ ಇಟ್ಟು, ಬರೀ ಆಕಾಶದ ಒಂದು ಚಿತ್ರ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಕಾಣುವ ಕಪ್ಪು ಚುಕ್ಕಿಗಳು ಸೆನ್ಸರ್ ಮೇಲಿನ ಧೂಳು. ಅದು ಸ್ವಚ್ಛ ಮಾಡಿದರೆ ಹೋಗುತ್ತದೆ, ಚೌಕಾಸಿಗೂ ಒದಗುತ್ತದೆ. ಗೀರು ಹೋಗುವುದಿಲ್ಲ. ಶಟರ್ ಎಷ್ಟು ಸಲ ಓಡಿದೆ ಎಂಬ ಲೆಕ್ಕವನ್ನೂ ಕೇಳಿ. ನಿಕಾನಿನ ಚಿತ್ರದ ಫೈಲಿನೊಳಗೇ ಅದು ದಾಖಲಾಗಿರುತ್ತದೆ. ಆರಂಭದ ದರ್ಜೆಯ ಶಟರುಗಳನ್ನು ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸಿನ ಬಾಳಿಕೆಗೆ ಪರೀಕ್ಷಿಸಿರುತ್ತಾರೆ. ಮದುವೆ ಫೋಟೋಗ್ರಾಫರ್ ಕೈಯಲ್ಲಿದ್ದ ಬಾಡಿ ಹೊರಗೆ ಥಳಥಳ ಹೊಳೆಯುತ್ತಿದ್ದರೂ ಒಳಗೆ ಮುದಿಯಾಗಿರಬಹುದು. ಬಾಡಿಯ ತಳದ ಸೀರಿಯಲ್ ನಂಬರ್ ಬಿಲ್ಲಿನ ನಂಬರಿಗೆ ತಾಳೆಯಾಗಲಿ. ಬಿಲ್ಲೇ ಇಲ್ಲ ಎನ್ನುವವರಿಂದ ದೂರ ಇರಿ. ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ಬರುವಾಗ ತರಿಸುವುದಾದರೆ, ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಬಾಡಿಗಳಿಗೆ ಹೆಚ್ಚಾಗಿ ನಡೆಯುವುದಿಲ್ಲ.

ಬೂಷ್ಟಿನ ಮಾತು ಮಲೆನಾಡು, ಕರಾವಳಿಯವರಿಗೆ ಇನ್ನೊಂದಿಷ್ಟು ಬೇಕು. ಜೂನ್‌ನಿಂದ ಸೆಪ್ಟೆಂಬರಿನ ತನಕ ಅಲ್ಲಿನ ತೇವದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸ್ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್, ಇಷ್ಟಿದ್ದರೆ ಸಾಕು. ತೇವಾಂಶ ಶೇ. 40ರಿಂದ 50ರೊಳಗೆ ಇರಲಿ. ಬಣ್ಣ ಬದಲಾದ ಜೆಲ್ಲನ್ನು ಹುರಿದು ಒಣಗಿಸಿ ಮತ್ತೆ ಬಳಸಬಹುದು, ಅಡುಗೆಯ ಬಾಣಲೆ ಮಾತ್ರ ಬೇಡ. ಲೆನ್ಸುಗಳು ಎರಡು ಮೂರಾದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ನೋಡಿಕೊಳ್ಳಿ. ಇದೆಲ್ಲಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರಗೆ ತೆಗೆದು ಬಳಸುವುದು.

ಯಾವ ಲೆನ್ಸ್ ಬೇಕು ಎಂದು ಇನ್ನೂ ಡೋಲಾಯಮಾನವಾಗಿದ್ದರೆ ಬಾಡಿಗೆಗೆ ತನ್ನಿ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ದಿನದ ಲೆಕ್ಕದಲ್ಲಿ ಕ್ಯಾಮೆರಾ, ಲೆನ್ಸ್ ಕೊಡುವ ಅಂಗಡಿಗಳಿವೆ. ಗುರುತಿನ ಚೀಟಿ ಮತ್ತು ಠೇವಣಿ ಕೇಳುತ್ತಾರೆ. ಶನಿವಾರ ಸಂಜೆ ಒಂದು ಎಫ್ 1.8, ಭಾನುವಾರ ಬೆಳಗ್ಗೆ ಒಂದು 100-400 ಹಿಡಿದು ಓಡಾಡಿ ಬನ್ನಿ. ತೆಗೆದ ಚಿತ್ರಗಳ ಫೈಲಿನಲ್ಲಿ ಎಷ್ಟು ಎಂಎಂ, ಎಷ್ಟು ಐಎಸ್‌ಒ, ಎಷ್ಟು ಶಟರ್ ಎಂಬುದೆಲ್ಲ ಬರೆದಿರುತ್ತದೆ. ನಿಮಗೆ ಇಷ್ಟವಾದ ಚಿತ್ರಗಳು ಯಾವ ಅಂಕಿಯ ಸುತ್ತ ಗುಂಪುಗೂಡಿವೆ ನೋಡಿ, ಆ ಲೆನ್ಸಿನ ಬೆಲೆ ಮೊದಲು ಬರೆದುಕೊಳ್ಳಿ, ಉಳಿದ ದುಡ್ಡಿಗೆ ಬಾಡಿ ಹುಡುಕಿ.